ಲಸಿಕೆ ವ್ಯಾನ್ ನಿಂತ ಮೇಲೆ ಶುರುವಾಗೋ ಕೆಲಸ

ಕೋವಿಡ್ ಲಸಿಕೆ ಹಂಚಿಕೆ ಅಂದ ಕೂಡ್ಲೆ ತುಂಬ ಜನಕ್ಕೆ ನೆನಪಾಗೋದು ಟಿವಿಯಲ್ಲಿ ನೋಡಿದ ಒಂದು ದೃಶ್ಯ. 2021ರ ಜನವರಿ 12, ಪುಣೆಯಿಂದ ವಿಮಾನ ಬಂತು, ಬೆಂಗಳೂರು ಏರ್‌ಪೋರ್ಟಲ್ಲಿ ಕೋವಿಶೀಲ್ಡ್ ಬಾಕ್ಸ್ ಇಳೀತು, ಪೊಲೀಸ್ ಜೀಪ್ ಮುಂದೆ, ಹಿಂದೆ ವ್ಯಾನ್. ಆರು ಲಕ್ಷ ನಲವತ್ತೇಳು ಸಾವಿರದಷ್ಟು ಡೋಸ್ ಅವತ್ತು ಬಂದಿದ್ದು, ಮಾರನೇ ದಿನ ಬೆಳಗಾವಿಗೆ ಇನ್ನೊಂದು ಲೋಡು. ಅಲ್ಲಿಂದ ಜಿಲ್ಲೆಗಳಿಗೆ ಹೋಗಿ 16ನೇ ತಾರೀಕು ದೇಶದ ಜೊತೆಗೆ ನಮ್ಮಲ್ಲೂ ಲಸಿಕೆ ಶುರುವಾಯ್ತು. ನಾಲ್ಕೇ ದಿನ. ಇದನ್ನ ನೋಡಿದವ್ರಿಗೆ ಹಂಚಿಕೆ ಅಂದ್ರೆ ಇಷ್ಟೇ ಅನ್ನಿಸತ್ತೆ, ವಿಮಾನ, ವ್ಯಾನ್, ಫ್ರಿಜ್ಜು. ನಾನು ಇವತ್ತು ನಿಮಗೆ ಹೇಳ್ಬೇಕು ಅಂತ ಬಂದಿರೋದು ವ್ಯಾನ್ ಬಂದು ನಿಂತ್ಮೇಲೆ ಏನಾಗತ್ತೆ ಅನ್ನೋದನ್ನ. ಯಾಕಂದ್ರೆ ಪ್ಲಾನ್ ಬರೆಯೋಕೆ ಕೂತಾಗ ಎಲ್ಲರೂ ಏರ್‌ಪೋರ್ಟಿಂದ ಶುರು ಮಾಡ್ತಾರೆ, ಶುರು ಮಾಡ್ಬೇಕಾಗಿರೋದು ಸಬ್‌ಸೆಂಟರಿಂದ, ಅಂದ್ರೆ ಹಳ್ಳಿಯ ಆರೋಗ್ಯ ಉಪಕೇಂದ್ರದಿಂದ.

ವ್ಯಾನಿನ ದಾರಿ ನಮಗೆ ಹೊಸದಾಗಿರ್ಲಿಲ್ಲ, ಅದನ್ನ ಮೊದಲು ಹೇಳ್ಬಿಡ್ತೀನಿ. ಮಕ್ಕಳ ಲಸಿಕೆಗೋಸ್ಕರ ದಶಕಗಳಿಂದ ಕಟ್ಟಿದ ವ್ಯವಸ್ಥೆ ಅದು. ಬೆಂಗಳೂರು, ಬೆಳಗಾವಿಯಲ್ಲಿ ರಾಜ್ಯದ ದೊಡ್ಡ ಸ್ಟೋರು, ಅದರ ಕೆಳಗೆ ಚಿತ್ರದುರ್ಗ, ಮೈಸೂರು, ಮಂಗಳೂರು, ಕಲಬುರಗಿ, ಬಾಗಲಕೋಟೆಯಲ್ಲಿ ವಿಭಾಗೀಯ ಸ್ಟೋರು, ಆಮೇಲೆ ಜಿಲ್ಲೆ, ಆಮೇಲೆ ತಾಲ್ಲೂಕು, ಪಿಎಚ್‌ಸಿ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ. ರಾಜ್ಯದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕಡೆ ಲಸಿಕೆ ಇಡೋ ಫ್ರಿಜ್ ಇದೆ. ಯಾವ ಫ್ರಿಜ್ಜಲ್ಲಿ ಎಷ್ಟು ವಯಲ್, ಅಂದ್ರೆ ಲಸಿಕೆಯ ಸಣ್ಣ ಸೀಸೆ, ಇದೆ ಅಂತ ಮೊಬೈಲಲ್ಲಿ ನೋಡೋಕೆ ಈ-ವಿನ್ ಅನ್ನೋ ಆನ್‌ಲೈನ್ ವ್ಯವಸ್ಥೆ ಕೋವಿಡ್ ಲಸಿಕೆ ಬರೋಕ್ಕಿಂತ ಮೊದಲೇ ಇತ್ತು. ಹಾಗಾಗಿ ದಾರಿ ಇತ್ತು, ಆದ್ರೆ ಆ ದಾರಿಯಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಚೀಚೆ ಹುಟ್ಟೋ ಮಕ್ಕಳಿಗೆ ಲಸಿಕೆ ಹೋಗ್ತಿತ್ತು. ಈಗ ಅದೇ ದಾರೀಲಿ ಐದು ಕೋಟಿ ಹತ್ತಿರ ದೊಡ್ಡೋರಿಗೆ ಎರಡೆರಡು ಡೋಸ್, ಅಂದ್ರೆ ಹತ್ತಿರ ಹತ್ತು ಕೋಟಿ ಡೋಸ್ ಹೋಗ್ಬೇಕಿತ್ತು.

ಈಗ ಒಂದು ಪಿಎಚ್‌ಸಿ ತಗೊಳ್ಳಿ. ಬಯಲು ಸೀಮೆಯಲ್ಲಿ ನಿಯಮದ ಪ್ರಕಾರ ಒಂದು ಪಿಎಚ್‌ಸಿಗೆ ಮೂವತ್ತು ಸಾವಿರ ಜನ. ಅದರಲ್ಲಿ ಹದಿನೆಂಟು ದಾಟಿದವ್ರು ಸುಮಾರು ಇಪ್ಪತ್ತೊಂದು ಸಾವಿರ ಅಂತ ಇಟ್ಕೊಳ್ಳಿ, ಎರಡು ಡೋಸ್ ಅಂದ್ರೆ 42,000 ಚುಚ್ಚುಮದ್ದು. ಮೊದಲಿಗೆ ಕೇಂದ್ರದಿಂದ ಬಂದ ಸೂಚನೆ ಏನಿತ್ತು ಅಂದ್ರೆ ಒಂದು ಸೆಷನ್‌ಗೆ, ಅಂದ್ರೆ ಒಂದು ತಂಡ ಲಸಿಕೆ ಹಾಕೋ ಒಂದು ಜಾಗಕ್ಕೆ, ದಿನಕ್ಕೆ ನೂರು ಜನ. ಭಾಗಿಸಿ ನೋಡಿ, 420 ದಿನ. ದಿನಾ ಹಾಕೋಕಾಗತ್ತಾ? ಇಲ್ಲ. ನಮ್ಮಲ್ಲಿ ಗುರುವಾರ ಮಕ್ಕಳ ಲಸಿಕೆ ದಿನ, ಅದನ್ನ ಬಿಡೋ ಹಾಗಿಲ್ಲ, ಭಾನುವಾರ ಬಿಟ್ರೆ, ಹೆರಿಗೆ, ತಾಯಿ ಕಾರ್ಡು, ರಿಪೋರ್ಟ್ ಕೆಲಸ ಎಲ್ಲ ಸೇರಿದ್ರೆ ವಾರಕ್ಕೆ ನಾಲ್ಕು ದಿನ ಸಿಕ್ಕಿದ್ರೆ ಜಾಸ್ತಿ. ನಾಲ್ಕರಿಂದ ಭಾಗಿಸಿದ್ರೆ 105 ವಾರ, ಎರಡು ವರ್ಷ. ಒಂದೇ ತಂಡ ಇಟ್ಕೊಂಡು ಕೂತ್ರೆ ಒಂದು ಪಿಎಚ್‌ಸಿಗೆ ಎರಡು ವರ್ಷ! ಈ ಲೆಕ್ಕ ಹಾಕೋಕೆ ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು, ಆದ್ರೆ ರಾಜ್ಯದ ಮೊತ್ತ ನೋಡ್ತಾ ಕೂತವ್ರಿಗೆ ಇದು ಕಾಣಲ್ಲ, ಪಿಎಚ್‌ಸಿ ಇಂದ ಶುರು ಮಾಡಿದವ್ರಿಗೆ ಮೊದಲನೇ ದಿನವೇ ಕಾಣತ್ತೆ. ಕಂಡ್ರೆ ಮಾತ್ರ ಮುಂದಿನ ಪ್ರಶ್ನೆ ಬರತ್ತೆ, ಇನ್ನೂ ಮೂರು ತಂಡ ಬೇಕು, ಎಲ್ಲಿಂದ ತರೋದು?

ತಂಡ ಅಂದ್ರೆ ಸಿರಿಂಜ್ ಹಿಡಿದಿರೋ ಸಿಸ್ಟರ್ ಒಬ್ರೇ ಅಲ್ಲ. ಗೈಡ್‌ಲೈನ್ ಪ್ರಕಾರ ಐದು ಜನ, ಬಾಗಿಲಲ್ಲಿ ಹೆಸರು ನೋಡೋರು ಒಬ್ರು, ಕೋವಿನ್‌ನಲ್ಲಿ, ಅಂದ್ರೆ ಹೆಸರು ನೋಂದಾಯಿಸೋ ಸರ್ಕಾರಿ ವೆಬ್‌ಸೈಟಲ್ಲಿ, ಗುರುತು ತಾಳೆ ನೋಡೋರು ಒಬ್ರು, ಲಸಿಕೆ ಹಾಕೋರು, ಜನ ನೋಡ್ಕೊಳ್ಳೋಕೆ ಇಬ್ರು. ಮೂರು ಕೋಣೆ ಬೇಕು, ಕಾಯೋಕೆ ಒಂದು, ಹಾಕೋಕೆ ಒಂದು, ಹಾಕಿಸ್ಕೊಂಡ್ಮೇಲೆ ಅರ್ಧ ಗಂಟೆ ಕೂರೋಕೆ ಒಂದು. ಅರ್ಧ ಗಂಟೆ ಯಾಕಂದ್ರೆ ಅಪರೂಪಕ್ಕೆ ಒಬ್ರಿಗೆ ತೀವ್ರ ಅಲರ್ಜಿ ಆಗ್ಬಹುದು, ಅದು ಸಾಮಾನ್ಯವಾಗಿ ಬೇಗನೇ ಆಗತ್ತೆ, ಅಲ್ಲೇ ಅಡ್ರಿನಲಿನ್ ಇರೋ ಕಿಟ್ ಇದ್ರೆ ಜೀವ ಉಳಿಯತ್ತೆ. ನೋಡಿ, ಎಷ್ಟು ಸಬ್‌ಸೆಂಟರ್‌ಗಳಲ್ಲಿ ಮೂರು ಕೋಣೆ ಇದೆ? ಅದಕ್ಕೇ ಸರ್ಕಾರಿ ಶಾಲೆ ಬೇಕಾಯ್ತು, ಸಮುದಾಯ ಭವನ ಬೇಕಾಯ್ತು. ಶಾಲೆಗಳು ಮುಚ್ಚಿದ್ದ ಕಾಲ, ಕೋಣೆ ಸಿಕ್ತು. ಮುಂದಿನ ಸಲ ಶಾಲೆ ನಡೀತಿರೋವಾಗ ಬಂದ್ರೆ ಎಲ್ಲಿ ಹಾಕ್ತೀವಿ ಅನ್ನೋದನ್ನ ಈಗ್ಲೇ ಯೋಚಿಸಿ ಇಟ್ಕೋಬೇಕು.

ಪಲ್ಸ್ ಪೋಲಿಯೋ ಅನುಭವ ಇತ್ತಲ್ಲ ಅಂತ ನೀವು ಕೇಳ್ಬಹುದು. ಇತ್ತು, ಮತ್ತೆ ಅದೇ ನಮ್ಮನ್ನ ಕಾಪಾಡಿದ್ದು. ಯಾವ ಬೀದಿ ಯಾವ ಬೂತ್‌ಗೆ, ಇಟ್ಟಿಗೆ ಭಟ್ಟಿ ಎಲ್ಲಿದೆ, ಕಬ್ಬು ಕಡಿಯೋರು ಯಾವ ತಿಂಗಳು ಬರ್ತಾರೆ, ವಲಸೆ ಬಂದ ಕಟ್ಟಡ ಕೆಲಸದವ್ರು ಎಲ್ಲಿ ಶೆಡ್ ಹಾಕಿದ್ದಾರೆ, ಇದೆಲ್ಲ ಇರೋ ಮೈಕ್ರೋಪ್ಲಾನ್ ಪೋಲಿಯೋದಿಂದ ಬಂದಿದ್ದು. ಅವತ್ತು ಆ ಹಾಳೆಗಳನ್ನೇ ತೆಗೆದು ಕೂತ್ರು. (ಆ ವರ್ಷ ಜನವರಿ 17ಕ್ಕೆ ಇದ್ದ ಪೋಲಿಯೋ ಭಾನುವಾರವನ್ನೇ ಕೋವಿಡ್ ಲಸಿಕೆಗೋಸ್ಕರ 31ಕ್ಕೆ ಮುಂದೂಡಿದ್ರು, ಎರಡಕ್ಕೂ ಅದೇ ಜನ, ಅದೇ ಫ್ರಿಜ್ಜು.) ಆದ್ರೆ ಪೋಲಿಯೋ ಬಾಯಿಗೆ ಹಾಕೋ ಎರಡು ಹನಿ, ತರಬೇತಿ ಕೊಟ್ರೆ ಸ್ವಯಂಸೇವಕರು ಹಾಕ್ತಾರೆ, ಬಸ್‌ಸ್ಟ್ಯಾಂಡಲ್ಲೂ ಹಾಕ್ತಾರೆ, ಬೆರಳಿಗೆ ಗುರುತು ಹಾಕಿದ್ರೆ ಮುಗೀತು. ಇದು ಸೂಜಿ. ಹೆಸರು ಬರೀಬೇಕು, ಯಾವ ಕಂಪನಿದು ಅಂತ ಬರೀಬೇಕು, ಎರಡನೇ ಡೋಸಿಗೆ ಅದೇ ಮನುಷ್ಯನನ್ನ ಹುಡುಕಿ ಅದೇ ಕಂಪನಿಯ ಲಸಿಕೆ ಕೊಡ್ಬೇಕು. ಪೋಲಿಯೋ ಪ್ಲಾನಿನ ಭೂಪಟ ಉಪಯೋಗಕ್ಕೆ ಬಂತು, ವೇಗ ಬರ್ಲಿಲ್ಲ.

ಈಗ ವಯಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ, ನಂಗೆ ಇದು ತುಂಬ ಮುಖ್ಯ ಅನ್ಸತ್ತೆ. ಕೋವಿಶೀಲ್ಡ್ ಒಂದು ವಯಲಲ್ಲಿ ಹತ್ತು ಡೋಸ್. ಶುರುವಲ್ಲಿ ಬಂದ ಕೊವ್ಯಾಕ್ಸಿನ್ ವಯಲಲ್ಲಿ ಇಪ್ಪತ್ತು. ಒಂದ್ಸಲ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿದ್ರೆ ನಾಲ್ಕು ಗಂಟೆ ಒಳಗೆ ಖಾಲಿ ಆಗ್ಬೇಕು, ಉಳಿದಿದ್ದು ಚೆಲ್ಲೋದೇ. ಮಕ್ಕಳ ಕೆಲವು ಲಸಿಕೆಗೆ ತೆರೆದ ವಯಲ್ ವಾಪಸ್ ತಂದು ಮತ್ತೆ ಬಳಸೋ ಅವಕಾಶ ಇದೆ, ಇದಕ್ಕೆ ಇರ್ಲಿಲ್ಲ. ಹಾಗಾಗಿ ಒಂದು ಊರಲ್ಲಿ ಹದಿಮೂರು ಜನ ಬಂದ್ರೆ ಸಿಸ್ಟರ್ ಏನ್ ಮಾಡ್ಬೇಕು? ಎರಡನೇ ವಯಲ್ ತೆಗೆದ್ರೆ ಏಳು ಡೋಸ್ ಚೆಲ್ಲತ್ತೆ, ತೆಗೀದಿದ್ರೆ ಮೂರು ಜನ ಕೂಲಿ ಬಿಟ್ಟು ಬಂದಿರೋರು ವಾಪಸ್ ಹೋಗ್ತಾರೆ, ವಾಪಸ್ ಹೋದವ್ರು ಮತ್ತೆ ಬರ್ತಾರೆ ಅಂತ ಏನ್ ಗ್ಯಾರಂಟಿ. ಮದುವೆ ಮನೇಲಿ ಪಂಕ್ತಿ ತುಂಬಿದ್ಮೇಲೆ ಬಡಿಸೋಕೆ ಶುರು ಮಾಡ್ತಾರಲ್ಲ ಹಾಗೆ ಹತ್ತು ಜನ ಆದ್ಮೇಲೆ ವಯಲ್ ತೆಗೆಯೋದನ್ನ ಬಹಳ ಕಡೆ ಮಾಡಿದ್ರು. ಸರಿನೇ, ಆದ್ರೆ ಅದಕ್ಕೆ ಇನ್ನೊಂದು ವ್ಯವಸ್ಥೆ ಜೊತೇಲಿರ್ಬೇಕು, ಫೋನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ಬರೋ ಏಳೆಂಟು ಜನರ ಪಟ್ಟಿ ಆಶಾ ಕಾರ್ಯಕರ್ತೆ ಕೈಯಲ್ಲಿರ್ಬೇಕು. ಹಳ್ಳಿಯಲ್ಲಿ ಇದು ಸಾಧ್ಯ, ಆಶಾ ಅಕ್ಕನಿಗೆ ಯಾರು ಹೊಲಕ್ಕೆ ಹೋಗಿದ್ದಾರೆ, ಯಾರು ಮನೇಲಿದ್ದಾರೆ ಅಂತ ಗೊತ್ತಿರತ್ತೆ. ಸಿಟಿಯಲ್ಲಿ ಅದು ಗೊತ್ತಿರೋರು ಯಾರೂ ಇಲ್ಲ.

ಲಸಿಕೆ ವೇಸ್ಟ್ ಆಗೋದನ್ನ ಲೆಕ್ಕದಲ್ಲಿ ಮೊದಲೇ ಸೇರಿಸ್ತಾರೆ, ಹತ್ತು ಪರ್ಸೆಂಟ್ ಅಂತ. ನೂರು ಜನಕ್ಕೆ ಹತ್ತು ವಯಲ್ ಅಲ್ಲ, ಹನ್ನೊಂದು. ಆದ್ರೆ ಪಕ್ಕದ ಕೇರಳದಲ್ಲಿ ಏನಾಯ್ತು ಅಂದ್ರೆ, 2021ರ ಮೇ ಮೊದಲ ವಾರದ ಹೊತ್ತಿಗೆ ಅವ್ರಿಗೆ ಬಂದಿದ್ದು 73,38,806 ಡೋಸ್, ಅವ್ರು ಹಾಕಿದ್ದು 74,26,164. ಬಂದಿದ್ದಕ್ಕಿಂತ ಜಾಸ್ತಿ! ಹೇಗೆ ಅಂದ್ರೆ ಪ್ರತಿ ವಯಲಲ್ಲೂ ಕಂಪನಿ ಸ್ವಲ್ಪ ಹೆಚ್ಚಿಗೆ ತುಂಬಿರತ್ತೆ, ಎಳೆಯೋವಾಗ ಹೋಗೋ ಹನಿಗಳಿಗೋಸ್ಕರ. ಕೈ ಪಳಗಿದ ನರ್ಸ್ ಒಂದು ಹನಿ ಬಿಡದೆ ಎಳೆದ್ರೆ ಹನ್ನೊಂದನೇ ಡೋಸ್ ಸಿಗತ್ತೆ. ಎಂಬತ್ತೇಳು ಸಾವಿರ ಜನಕ್ಕೆ ಲಸಿಕೆ ಸಿಕ್ಕಿದ್ದು ಯಾವ ಟೆಂಡರಿಂದಾನೂ ಅಲ್ಲ, ನರ್ಸ್‌ಗಳ ಕೈಯಿಂದ. ಇಲ್ಲಿ ನರ್ಸಿಂಗ್ ಓದ್ತಿರೋರು ತುಂಬ ಜನ ಇದ್ದೀರಿ, ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ.

ತಣ್ಣಗಿಡೋ ವಿಷಯ. 2020ರ ನವೆಂಬರ್ ಡಿಸೆಂಬರಲ್ಲಿ ಎಲ್ಲರ ಬಾಯಲ್ಲೂ ಮೈನಸ್ ಎಪ್ಪತ್ತು ಡಿಗ್ರಿ ಮಾತೇ. ಫೈಜರ್ ಲಸಿಕೆಗೆ ಅಷ್ಟು ಚಳಿ ಬೇಕಿತ್ತು, ನಮ್ಮ ದೇಶದಲ್ಲಿ ಅನುಮತಿ ಕೇಳಿ ಮೊದಲು ಅರ್ಜಿ ಹಾಕಿದ್ದೂ ಅವ್ರೇ, ಫೆಬ್ರವರಿಯಲ್ಲಿ ಆ ಅರ್ಜಿ ವಾಪಸ್ ತಗೊಂಡ್ರು. ಯಾವ ಲಸಿಕೆ ಬರತ್ತೆ ಅಂತಲೇ ಗೊತ್ತಿಲ್ಲದೆ ಪ್ಲಾನ್ ಮಾಡೋದು ಅಂದ್ರೆ ಇದೇ. ಬಂದಿದ್ದು ಎರಡರಿಂದ ಎಂಟು ಡಿಗ್ರಿಯಲ್ಲಿಡೋ ಲಸಿಕೆ, ನಮ್ಮ ಪಿಎಚ್‌ಸಿಯ ಐಎಲ್‌ಆರ್ ಸಾಕಾಯ್ತು. ಐಎಲ್‌ಆರ್ ಅಂದ್ರೆ ಮೇಲಿಂದ ಬಾಗಿಲು ತೆಗೆಯೋ ಫ್ರಿಜ್, ಗೋಡೆಯೊಳಗೆ ಐಸ್ ಪದರ ಇರತ್ತೆ, ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕಿದ್ರೂ ತಣ್ಣಗಿರತ್ತೆ, ನಮ್ಮ ಹಳ್ಳಿಗಳ ಕರೆಂಟಿಗೆ ಹೇಳಿ ಮಾಡಿಸಿದ್ದು. ಜನ ಬಿಸಿಗೆ ಹೆದರ್ತಾರೆ, ಆದ್ರೆ ಇಂಥ ಲಸಿಕೆಗೆ ಹೆಪ್ಪುಗಟ್ಟೋದೂ ಅಷ್ಟೇ ಅಪಾಯ, ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ. ಐಸ್‌ಪ್ಯಾಕನ್ನ ಡೀಪ್ ಫ್ರೀಜರಿಂದ ತೆಗೆದು ಹಾಗೇ ಲಸಿಕೆ ಒಯ್ಯೋ ಕ್ಯಾರಿಯರ್‌ಗೆ ಹಾಕ್ಬಾರ್ದು, ಹೊರಗಿಟ್ಟು ಮೇಲೆ ಬೆವರು ಬಂದು, ಕಿವಿ ಹತ್ತಿರ ಅಲ್ಲಾಡಿಸಿದ್ರೆ ನೀರಿನ ಸದ್ದು ಕೇಳ್ಬೇಕು, ಆಮೇಲೆ ಹಾಕ್ಬೇಕು. ಬೆಳಿಗ್ಗೆ ಏಳಕ್ಕೆ ಹತ್ತು ಊರಿಗೆ ಕ್ಯಾರಿಯರ್ ಹೊರಡ್ಬೇಕು, ಜೀಪ್ ಡ್ರೈವರ್ ಹಾರ್ನ್ ಹೊಡೀತಿದ್ದಾರೆ, ಅಂಥ ಹೊತ್ತಲ್ಲಿ ಆ ಸದ್ದು ಕೇಳೋವರೆಗೂ ಕಾಯೋ ತಾಳ್ಮೆ ಇರೋ ಒಬ್ಬ ಫಾರ್ಮಸಿ ಅಧಿಕಾರಿ ಆ ಪಿಎಚ್‌ಸಿಯಲ್ಲಿ ಇರ್ಬೇಕು. ಎಷ್ಟೋ ಕಡೆ ಆ ಹುದ್ದೆಯೇ ಖಾಲಿ ಇರತ್ತೆ. ರಾಜ್ಯದ ಪ್ಲಾನಲ್ಲಿ ಫ್ರಿಜ್ಜಿನ ಲೆಕ್ಕ ಇರತ್ತೆ, ಈ ಮನುಷ್ಯನ ಲೆಕ್ಕವೂ ಅದೇ ಪುಟದಲ್ಲಿರ್ಬೇಕು.

ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ. ಫ್ರಿಜ್ ಇಲ್ಲದ ಕಾಲದಲ್ಲೂ ಲಸಿಕೆ ಹಂಚಿದ್ರು. ಸಿಡುಬಿನ ಲಸಿಕೆ ಈ ದೇಶದಲ್ಲಿ ಊರೂರಿಗೆ ಹೋಗಿದ್ದು ಮಕ್ಕಳ ತೋಳಿನ ಮೇಲೆ. ಒಬ್ರ ತೋಳಿನ ಗುಳ್ಳೆಯ ಕೀವು ತೆಗೆದು ಇನ್ನೊಬ್ರ ತೋಳಿಗೆ, ಅಲ್ಲಿಂದ ಮತ್ತೊಬ್ರಿಗೆ. ಆ ಲಸಿಕೆ ಬಾಗ್ದಾದ್, ಬಸ್ರಾ ದಾಟಿ ಹಡಗಲ್ಲಿ ಮುಂಬಯಿಗೆ ಬಂತು, 1802ರ ಜೂನ್ 14ಕ್ಕೆ ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗುವಿಗೆ ಹಾಕಿದ್ರು. ಅಲ್ಲಿಂದ ದಕ್ಷಿಣಕ್ಕೂ ಹೀಗೇ ತೋಳಿಂದ ತೋಳಿಗೆ. ಒಂದು ವಾರ ಹೊಸ ಮಗು ಸಿಗದಿದ್ರೆ ಲಸಿಕೆಯೇ ಸತ್ತುಹೋಗ್ತಿತ್ತು. ಮೈಸೂರಲ್ಲಿ 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವ್ರು ಲಸಿಕೆ ಹಾಕಿಸ್ಕೊಂಡ್ರು, ಅದ್ರಿಂದ ಬೇರೆ ಜನಕ್ಕೂ ಧೈರ್ಯ ಬಂತು ಅಂತ ಆಗಿನ ದಾಖಲೆ ಹೇಳತ್ತೆ. ನೂರು ವರ್ಷ ಆದ್ಮೇಲೆ ಬೆಳಗಾವಿಯ ತಿಲಕವಾಡಿಯಲ್ಲಿ ಸಿಡುಬಿನ ಲಸಿಕೆ ತಯಾರಿಸೋಕೆ ಸಂಸ್ಥೆ ಶುರುವಾಯ್ತು, ಇವತ್ತಿಗೂ ಆ ಜಾಗಕ್ಕೆ ವ್ಯಾಕ್ಸಿನ್ ಡಿಪೋ ಅಂತಲೇ ಹೆಸರು. ಬೆಳಗಾವಿಯವ್ರು ಇಲ್ಲಿದ್ರೆ ಅಲ್ಲಿ ವಾಕಿಂಗ್ ಹೋಗಿರ್ತೀರಿ. ನಾನಿದನ್ನ ಹೇಳಿದ್ದು ಯಾಕಂದ್ರೆ ಆಗಲೂ ಯೋಚನೆ ಶುರುವಾಗ್ತಿದ್ದಿದ್ದು ಮುಂದಿನ ತೋಳು ಯಾವ್ದು ಅನ್ನೋದ್ರಿಂದ.

ಮತ್ತೆ 2021ಕ್ಕೆ ಬರೋಣ. ಜನವರಿ ಫೆಬ್ರವರಿಯಲ್ಲಿ ಲಸಿಕೆ ಇತ್ತು, ಜನ ಬರ್ಲಿಲ್ಲ, ಆರೋಗ್ಯ ಇಲಾಖೆಯವ್ರಲ್ಲೇ ಎಷ್ಟೋ ಜನ ಕಾದು ನೋಡೋಣ ಅಂದ್ರು. ಮಾರ್ಚ್ 1ಕ್ಕೆ ಅರವತ್ತು ದಾಟಿದವ್ರು, ಏಪ್ರಿಲ್ 1ಕ್ಕೆ ನಲವತ್ತೈದು ದಾಟಿದವ್ರು. ಅಷ್ಟರಲ್ಲಿ ಎರಡನೇ ಅಲೆ ಬಂತು, ಆಕ್ಸಿಜನ್ ಇಲ್ಲದೆ ಜನ ಸಾಯೋದನ್ನ ನೋಡಿ ಎಲ್ಲರೂ ಒಟ್ಟಿಗೆ ಲಸಿಕೆಗೆ ಬಂದ್ರು. ಸರಿಯಾಗಿ ಆವಾಗ್ಲೇ, ಮೇ 1ರಿಂದ, ಹದಿನೆಂಟು ದಾಟಿದ ಎಲ್ಲರಿಗೂ ಬಾಗಿಲು ತೆಗೆದ್ರು, ಅವ್ರ ಲಸಿಕೆಯನ್ನ ರಾಜ್ಯಗಳೇ ಕೊಂಡ್ಕೊಳ್ಳಿ ಅಂದ್ರು. ಕೇಂದ್ರಕ್ಕೆ 150 ರೂಪಾಯಿಗೆ ಸಿಗ್ತಿದ್ದ ಕೋವಿಶೀಲ್ಡ್ ರಾಜ್ಯಕ್ಕೆ 300. ಕರ್ನಾಟಕ ಎರಡು ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೀತು, ಬೇರೆ ರಾಜ್ಯಗಳೂ ಕರೆದ್ವು, ಒಂದೇ ದೇಶದ ರಾಜ್ಯಗಳು ಒಂದರ ಜೊತೆ ಒಂದು ಪೈಪೋಟಿ ಮಾಡೋ ಹಾಗಾಯ್ತು. ಕೊನೆಗೆ ಎರಡನೇ ಡೋಸಿಗೇ ಸಾಲದೆ ಮೇ 14ರಿಂದ ಹದಿನೆಂಟರಿಂದ ನಲವತ್ನಾಲ್ಕರವ್ರಿಗೆ ಲಸಿಕೆ ನಿಲ್ಲಿಸ್ಬೇಕಾಯ್ತು. ಜೂನ್ 21ರಿಂದ ಖರೀದಿ ಮತ್ತೆ ಕೇಂದ್ರದ ಕೈಗೆ ಹೋಯ್ತು. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಕೊಂಡ್ಕೊಳ್ಳೋದು ಒಂದೇ ಕೈಯಲ್ಲಿರ್ಬೇಕು, ಹಾಕೋದು ಸಾವಿರ ಕೈಯಲ್ಲಿರ್ಬೇಕು. ಆ ಏಳು ವಾರ ಇದು ತಲೆಕೆಳಗಾಗಿತ್ತು, ಖರೀದಿ ಚೂರುಚೂರಾಗಿತ್ತು, ಹಂಚಿಕೆ ಒಂದು ವೆಬ್‌ಸೈಟಿನ ಸ್ಲಾಟಿಗೆ ಬಂದು ನಿಂತಿತ್ತು.

ಸ್ಲಾಟ್ ಕಥೆ ನಿಮಗೆಲ್ಲ ಗೊತ್ತು. ಹದಿನೆಂಟರಿಂದ ನಲವತ್ನಾಲ್ಕರವ್ರಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಇತ್ತು, ಒಟಿಪಿ ಬರೋ ಅಷ್ಟರಲ್ಲಿ ಸ್ಲಾಟ್ ಮುಗೀತಿತ್ತು. ಸಿಟಿಯ ಹುಡುಗರು ಕಾರ್ ತಗೊಂಡು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಪಿಎಚ್‌ಸಿಗೆ ಹೋಗಿ ಹಾಕಿಸ್ಕೊಂಡ್ ಬಂದ್ರು. ಅವ್ರ ಮೇಲೆ ನಂಗೆ ಸಿಟ್ಟಿಲ್ಲ, ಭಯ ಎಲ್ಲರಿಗೂ ಇತ್ತು. ಆದ್ರೆ ಆ ಊರಿನ ಜನ ತಮ್ಮೂರಿನ ಆಸ್ಪತ್ರೆ ಬಾಗಿಲಲ್ಲಿ ನಿಂತು ನೋಡ್ತಿದ್ರು, ಅವ್ರ ಹೆಸರು ಪಟ್ಟಿಯಲ್ಲಿರ್ಲಿಲ್ಲ. ಕೋವಿನ್ ಪೋರ್ಟಲ್ ಕನ್ನಡದಲ್ಲಿ ಸಿಗೋಕೆ ಜೂನ್ ಆಗ್ಬೇಕಾಯ್ತು. ಈ ಡಿಜಿಟಲ್ ಅಂತರದ ಬಗ್ಗೆ ಮೇ 31ರಂದು ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರವನ್ನ ಪ್ರಶ್ನೆ ಮಾಡ್ತು. ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಪೋಡುಗಳಲ್ಲಿ, ಎಚ್.ಡಿ.ಕೋಟೆ ಕಡೆಯ ಆದಿವಾಸಿ ಹಾಡಿಗಳಲ್ಲಿ ನೆಟ್‌ವರ್ಕೇ ಸಿಗದ ಜಾಗ ಎಷ್ಟಿದೆ ಅಂತ ಯೋಚನೆ ಮಾಡಿ. ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳ್ತಿಲ್ಲ, ಅದಿಲ್ದೆ ಐದು ಕೋಟಿ ಜನರ ಎರಡನೇ ಡೋಸ್ ಲೆಕ್ಕ ಇಡೋಕಾಗಲ್ಲ. ಹೆಸರು ದಾಖಲಿಸೋಕೆ ಅದನ್ನ ಬಳಸಿ, ಬಾಗಿಲು ಕಾಯೋಕೆ ಬಳಸ್ಬೇಡಿ, ಇಷ್ಟೇ.

ಎರಡನೇ ಡೋಸ್ ಅಂದ್ನಲ್ಲ. ಶುರುವಲ್ಲಿ ಎರಡಕ್ಕೂ ಅಂತರ ನಾಲ್ಕು ವಾರ. ಮಾರ್ಚಲ್ಲಿ ಕೋವಿಶೀಲ್ಡ್‌ಗೆ ಆರರಿಂದ ಎಂಟು ವಾರ ಅಂದ್ರು, ಮೇ 13ಕ್ಕೆ ಹನ್ನೆರಡರಿಂದ ಹದಿನಾರು ವಾರ ಅಂದ್ರು. ಕೊವ್ಯಾಕ್ಸಿನ್‌ಗೆ ಮಾತ್ರ ಮೊದಲಿನ ಹಾಗೇ. ವಿಜ್ಞಾನದಲ್ಲಿ ಹೊಸ ಮಾಹಿತಿ ಬಂದ್ರೆ ಬದಲಾಗತ್ತೆ, ತಪ್ಪಿಲ್ಲ. ಆದ್ರೆ ಕೈಯಲ್ಲಿ ಚೀಟಿ ಹಿಡ್ಕೊಂಡು ಬಸ್ ಹತ್ತಿ ಬಂದ ಅಜ್ಜಿಗೆ ಇನ್ನೂ ಎರಡು ತಿಂಗಳು ಬಿಟ್ಟು ಬನ್ನಿ ಅಂತ ಹೇಳ್ಬೇಕಾಗಿದ್ದು ಗೇಟಲ್ಲಿ ನಿಂತ ಆಶಾ ಕಾರ್ಯಕರ್ತೆ. ಬೈಸ್ಕೊಂಡಿದ್ದೂ ಅವ್ರೇ. ಆದೇಶ ಬದಲಾದ್ರೆ ಟಿವಿಗೆ ಹೋಗೋದಕ್ಕಿಂತ ಮುಂಚೆ ಆಶಾ ಫೋನಿಗೆ ಕನ್ನಡದಲ್ಲಿ ಎರಡು ಸಾಲು ಹೋಗ್ಬೇಕು, ಇದು ದುಡ್ಡು ಖರ್ಚಾಗೋ ಕೆಲಸ ಅಲ್ಲ.

ಆಮೇಲೆ ಲಸಿಕೆ ಧಾರಾಳವಾಗಿ ಬಂತು. ಸೆಪ್ಟೆಂಬರ್ 17ಕ್ಕೆ ಲಸಿಕೆ ಮೇಳ ಮಾಡಿದಾಗ ನಮ್ಮ ರಾಜ್ಯದಲ್ಲಿ ಒಂದೇ ದಿನ 25 ಲಕ್ಷಕ್ಕೂ ಹೆಚ್ಚು ಡೋಸ್ ಹಾಕಿದ್ರು. ಸಣ್ಣ ಮಾತಲ್ಲ, ಆ ಕೆಲಸ ಮಾಡಿದವ್ರಿಗೆ ಕೈ ಮುಗೀಬೇಕು. ಆದ್ರೆ ಮೇಳಕ್ಕೆ ಬರೋರು ನಡೆಯೋಕಾಗೋರು, ಮನಸ್ಸಿರೋರು. ಉಳಿಯೋರು ಯಾರು? ಪಾರ್ಶ್ವವಾಯು ಆಗಿ ಮಲಗಿರೋರು, ಗುರುತಿನ ಚೀಟಿ ಇಲ್ಲದೆ ಬೀದೀಲಿರೋರು, ಬೇರೆ ಜಿಲ್ಲೆಯಿಂದ ಬಂದು ಮೊದಲ ಡೋಸ್ ಒಂದು ಕಡೆ ಹಾಕಿಸ್ಕೊಂಡು ಕೆಲಸ ಹುಡುಕ್ಕೊಂಡು ಇನ್ನೊಂದು ಕಡೆ ಹೋದೋರು, ಮತ್ತೆ ಹೆದರಿರೋರು. ಐಡಿ ಇಲ್ಲದವ್ರಿಗೂ ಹಾಕೋ ವಿಧಾನ ಮೇ ತಿಂಗಳಲ್ಲಿ ಬಂತು, ಮನೆಮನೆಗೆ ಹೋಗೋ ಅಭಿಯಾನ ನವೆಂಬರಲ್ಲಿ. ಯಾರಿಗೆ ಕಾಯಿಲೆ ಜಾಸ್ತಿ ಅಪಾಯವೋ ಆ ಮಲಗಿದ ಹಿರಿಯರು ಸಾಲಿನಲ್ಲಿ ಕೊನೆಗೆ ಬಂದ್ರು. ಎಂಬತ್ತರ ಅಜ್ಜನ ಮನೆಗೆ ಹೋಗಿ ಹಾಕಿದ್ರೆ ಹತ್ತರ ವಯಲಲ್ಲಿ ಒಂಬತ್ತು ಏನ್ ಮಾಡೋದು ಅನ್ನೋ ಪ್ರಶ್ನೆ ನಿಜವೇ. ಅದಕ್ಕೆ ಉತ್ತರ, ಅದೇ ಬೀದಿಯ ಇನ್ನೊಂಬತ್ತು ಜನರನ್ನ ಅಜ್ಜನ ಜಗಲಿಗೆ ಕರೆಸೋದು. ಹೀಗೆ ಮಾಡಿದ ಊರುಗಳಿವೆ, ಹೇಳಿಕೊಟ್ಟಿದ್ದು ಯಾವ ಸುತ್ತೋಲೆಯೂ ಅಲ್ಲ, ಆ ಊರಿನ ಸಿಸ್ಟರೇ ಯೋಚಿಸಿ ಮಾಡಿದ್ದು.

ಒಬ್ರು ಚೀಟಿ ಕಳಿಸಿದ್ದೀರಿ, ಇನ್ನೊಂದು ಕಾಯಿಲೆ, ಇನ್ನೊಂದು ಹೊಸ ಲಸಿಕೆ ಬಂದ್ರೆ ಮೊದಲ ವಾರ ಏನ್ ಮಾಡ್ಬೇಕು ಅಂತ. ಒಳ್ಳೇ ಪ್ರಶ್ನೆ. ಲಸಿಕೆ ಯಾವ್ದು, ಎಷ್ಟು ಡಿಗ್ರಿ ಅಂತ ಗೊತ್ತಾಗೋಕೆ ಮುಂಚೆನೇ ಮಾಡ್ಬಹುದಾದ ಕೆಲಸ ಒಂದಿದೆ. ಪ್ರತಿ ಆಶಾ ಕಾರ್ಯಕರ್ತೆ ವ್ಯಾಪ್ತಿಯಲ್ಲಿ ಸುಮಾರು ಸಾವಿರ ಜನ. ಆ ಸಾವಿರದಲ್ಲಿ ಎದ್ದು ಬರೋಕಾಗದವ್ರು ಯಾರು, ಫೋನಿಲ್ಲದವ್ರು ಯಾರು, ಕಾಗದ ಇಲ್ಲದವ್ರು ಯಾರು, ಡಯಾಲಿಸಿಸ್, ಕ್ಯಾನ್ಸರ್, ಶುಗರ್ ಇರೋರು ಯಾರು, ಈ ನಾಲ್ಕು ಪಟ್ಟಿ ಆ ವಾರ ಆಗ್ಬೇಕು. ಸಿಟಿಯಲ್ಲಿ ಆಶಾ ಸಾಲಲ್ಲ, ಅಲ್ಲಿ ಪೌರಕಾರ್ಮಿಕರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವ್ರು, ಸ್ಲಂಗಳ ಮಹಿಳಾ ಸಂಘಗಳು, ಯಾರಿಗೆ ಬೀದಿ ಗೊತ್ತೋ ಅವ್ರ ಜೊತೆ ಕೂರ್ಬೇಕು. ಆ ಪಟ್ಟಿಯ ಮೇಲೆ ಸೆಷನ್ ಬರೀಬೇಕು, ಸೆಷನ್ ಮೇಲೆ ವಯಲ್, ವಯಲ್ ಮೇಲೆ ಫ್ರಿಜ್, ಫ್ರಿಜ್ ಮೇಲೆ ವ್ಯಾನ್. ಅದೇ ವಾರ ಗುರುವಾರದ ಮಕ್ಕಳ ಲಸಿಕೆ ಯಾರು ನಡೆಸ್ತಾರೆ ಅನ್ನೋದನ್ನೂ ಹೆಸರು ಹಾಕಿ ಬರೀಬೇಕು, ಕೋವಿಡ್ ಹೊತ್ತಲ್ಲಿ ದಡಾರ ಲಸಿಕೆ ತಪ್ಪಿದ ಮಕ್ಕಳನ್ನ ಆಮೇಲೆ ಹುಡುಕ್ಕೊಂಡು ಹೋಗ್ಬೇಕಾಯ್ತು. ಮತ್ತೆ ಪಟ್ಟಿ ಮಾಡೋಕೆ ಬಿಸಿಲಲ್ಲಿ ಮನೆಮನೆ ತಿರುಗೋ ಆಶಾ ಕಾರ್ಯಕರ್ತೆಯರ ಗೌರವಧನ ಅದೇ ತಿಂಗಳು ಅವ್ರ ಖಾತೆಗೆ ಹೋಗ್ಬೇಕು, ಆ ಮೊತ್ತ ರಾಜ್ಯದ ಪ್ಲಾನಿನ ಬಜೆಟ್ಟಲ್ಲಿ ಫ್ರಿಜ್ಜಿನ ಮೊತ್ತಕ್ಕಿಂತ ಮೇಲಿನ ಸಾಲಲ್ಲಿ ಇರ್ಬೇಕು.